ಮಾರ್ಲಿಸ್ ಆರಿಸಿದ ಬಾಣದಲಗು

ಮಾರ್ಲಿಸ್ ಕ್ವಾಮ್ ನಮ್ಮ ಬಿಟರ್‌ರೂಟ್ ಕಣಿವೆಯಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ. ನಾನು ಅದೇ ಶಾಲೆಯ ಅಡುಗೆಮನೆಯವಳು. ಮೊಂಟಾನಾದ ಈ ಮೂಲೆಯಲ್ಲಿ ಸೆಪ್ಟೆಂಬರ್ ಬಂತೆಂದರೆ ಅರ್ಧ ಊರು ಬೆಟ್ಟ ಹತ್ತುತ್ತದೆ, ಉಳಿದರ್ಧ ಊರು ಬೆಟ್ಟ ಹತ್ತಿದವರ ದನಕರು ನೋಡಿಕೊಳ್ಳುತ್ತದೆ. ನಾವಿಬ್ಬರೂ ಹತ್ತುವವರ ಪೈಕಿ. ಅವಳ ಕೈಯಲ್ಲಿ ಉದ್ದನೆಯ ಮರದ ಬಿಲ್ಲು, ನನ್ನ ಬಾಯಲ್ಲಿ ಎಲ್ಕ್ ಕರೆಯುವ ಪೀಪಿ. ಎಲ್ಕ್ ಎಂದರೆ ಕಡವೆಯ ದೊಡ್ಡಣ್ಣ. ಒಂದು ಸಿಕ್ಕರೆ ಎರಡು ಮನೆಗಳ ಚಳಿಗಾಲ ಕಳೆಯುತ್ತದೆ.

ಬಂದೂಕು, ರಾಟೆ ಕಟ್ಟಿದ ಹೊಸ ಬಿಲ್ಲು ಯಾವುದನ್ನೂ ಮಾರ್ಲಿಸ್ ಮುಟ್ಟಿದವಳಲ್ಲ. ಪ್ರಾಣಿಯ ಉಸಿರು ಕೇಳಿಸುವಷ್ಟು ಹತ್ತಿರ ಹೋಗಲಾಗದಿದ್ದರೆ ಅದು ತನ್ನದಲ್ಲ ಎನ್ನುವವರ ಪೈಕಿ ಅವಳು. ಹಾಗೇ ಇಪ್ಪತ್ತು ವರ್ಷ ನಡೆದಿತ್ತು. ಒಂದು ಜನವರಿಯಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ ನೀರಿಗೆ ಕಾಲಿಟ್ಟು ಬಿದ್ದಳು. ಬಲ ಹೆಗಲಿನ ಸ್ನಾಯು ಹರಿಯಿತು, ಆಪರೇಷನ್ ಆಯಿತು. ಗಟ್ಟಿ ಬಿಲ್ಲು ಎಳೆದರೆ ಹೊಲಿಗೆ ಮತ್ತೆ ಬಿಚ್ಚಿಕೊಳ್ಳುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅವಳು ವಾದ ಮಾಡಲಿಲ್ಲ. ಹಳೆಯ ಬಿಲ್ಲನ್ನು ಗೋಡೆಗೆ ತೂಗುಹಾಕಿ, ಹುಡುಗಿಯರು ಎಳೆಯುವಂಥ ಸಡಿಲ ಬಿಲ್ಲೊಂದನ್ನು ತಂದುಕೊಂಡಳು.

ತಪ್ಪಿದ್ದು ಅಲ್ಲಿ. ಬಿಲ್ಲು ಬದಲಾಯಿತು, ಬಾಣದ ತುದಿಯ ಅಲಗು ಬದಲಾಗಲಿಲ್ಲ. ಅದೇ ಮೂರು ರೆಕ್ಕೆಯ ಅಗಲವಾದ ಅಲಗು. ಗಟ್ಟಿ ಬಿಲ್ಲಿನಿಂದ ಹೊರಟಾಗ ಅದು ಪಕ್ಕೆಲುಬನ್ನು ಹಪ್ಪಳದ ಹಾಗೆ ಮುರಿಯುತ್ತಿತ್ತು. ಸಡಿಲ ಬಿಲ್ಲಿಗೆ ಆ ಬಲವಿಲ್ಲ. ಆ ಶರತ್ಕಾಲದಲ್ಲಿ ಒಂದು ದೊಡ್ಡ ಗಂಡು ಎಲ್ಕ್ ನನ್ನ ಪೀಪಿಗೆ ಓಗೊಟ್ಟು ಬಂತು. ಮಾರ್ಲಿಸ್ ಬಿಟ್ಟ ಬಾಣ ಹೆಗಲಿಗೆ ತಾಗಿದ್ದು ನನಗೆ ಕೇಳಿಸಿತು, ಹಲಗೆಗೆ ಮೊಳೆ ಹೊಡೆದಂತೆ. ಎಲ್ಕ್ ಕೆಡೆಯಲಿಲ್ಲ. ಮುರಿದ ಬಾಣದ ಕಡ್ಡಿಯೊಂದು ಸಿಕ್ಕಿತು, ಎಲೆಗಳ ಮೇಲೆ ನಾಲ್ಕು ಹನಿ ರಕ್ತ ಸಿಕ್ಕಿತು, ಆಮೇಲೆ ಏನೂ ಇಲ್ಲ. ಆ ವಾರವಿಡೀ ಬಸ್ಸು ನಿಲ್ಲಿಸಿದ ತಕ್ಷಣ ಅವಳು ಬೆಟ್ಟಕ್ಕೆ ಹೋಗಿ ಹುಡುಕಿದಳು. ಉಳಿದ ಋತುವಿನಲ್ಲಿ ಬಿಲ್ಲು ಹಿಡಿಯಲಿಲ್ಲ.

ಮನೆಯಲ್ಲಿ ಅವಳ ಗಂಡ ಆರ್ವಿಡ್ ಒಳ್ಳೆಯ ಮಾತಿನಲ್ಲೇ ಹೇಳಿ ನೋಡಿದ. ಮರದ ದಿಮ್ಮಿಯ ಮನೆ ಕಟ್ಟುವ ಬಡಗಿ ಅವನು.

"ರೈಫಲ್ ತಗೊಂಡು ಹೋಗೆ ಮಾರಾಯ್ತಿ. ಕಪಾಟಿನಲ್ಲಿ ಸುಮ್ನೆ ತುಕ್ಕು ಹಿಡೀತಾ ಇದೆ."

"ನೀನೂ ಹಿಡೀತಾ ಇದ್ದೀಯ. ನಿನ್ನನ್ನ ಕರ್ಕೊಂಡು ಹೋಗ್ತೀನಾ?"

ಬಿಲ್ಲುಗಾರರ ಕ್ಲಬ್ಬಿನ ಹಾಲಿಸ್ ಪ್ರೂಯಿಟ್ ಅಷ್ಟು ನಯವಾಗಿ ಹೇಳಲಿಲ್ಲ. ಅವನದು ರಾಟೆ ಬಿಲ್ಲು, ಬಾಯಿಯೂ ಹಾಗೇ ತಿರುಗುತ್ತಲೇ ಇರುತ್ತದೆ. "ತಪ್ಪು ತಿಳೀಬೇಡ ಮಾರ್ಲಿಸ್. ಆ ಬಿಲ್ಲಿಗೆ ಮೊಲ ಕೂಡ ಹೆದರಲ್ಲ. ಎಲ್ಕ್ ಆಸೆ ಬಿಟ್ಬಿಡು."

ಮಾರ್ಲಿಸ್ ಬಿಟ್ಟೇಬಿಡುತ್ತಿದ್ದಳೋ ಏನೋ. ಮೇ ತಿಂಗಳಲ್ಲಿ ಹಿಮ ಕರಗಿದ ಮೇಲೆ ನಾವಿಬ್ಬರೂ ಉದುರಿದ ಕೊಂಬು ಆಯಲು ತೊರೆಯ ಗುಂಟ ಹೋಗಿದ್ದೆವು. ವಿಲೋ ಪೊದೆಗಳ ನಡುವೆ ಆ ಗಂಡು ಎಲ್ಕ್‌ನ ಮೂಳೆಗಳು ಬಿದ್ದಿದ್ದವು. ಅದೇ ಎಂದು ಗೊತ್ತಾದದ್ದು ಹೆಗಲ ಮೂಳೆಯಿಂದ. ಅಲಗು ಅದರಲ್ಲೇ ಕೂತಿತ್ತು. ಮೂರು ರೆಕ್ಕೆಗಳೂ ನೆನೆದ ಕಾಗದದ ಹಾಗೆ ಹಿಂದಕ್ಕೆ ಮಡಚಿಕೊಂಡಿದ್ದವು. ಅದರ ಸುತ್ತ ಹೊಸ ಮೂಳೆ ಬೆಳೆದಿತ್ತು. ಎಂದರೆ ಆ ಪ್ರಾಣಿ ಅದನ್ನು ಹೊತ್ತುಕೊಂಡು ಎಷ್ಟೋ ಕಾಲ ಬದುಕಿತ್ತು.

"ಚಳಿಗೆ ಸತ್ತಿರತ್ತೆ ಕಣೆ. ಈ ಸಲ ಹಿಮ ಜಾಸ್ತಿ ಇತ್ತಲ್ಲ," ಎಂದೆ ನಾನು.

"ಸುಮ್ನಿರು. ಕುಂಟ್ಕೊಂಡು ಚಳಿಗೆ ಸಿಕ್ಕಿಬಿದ್ದದ್ದು ಯಾರಿಂದ?"

ಬಹಳ ಹೊತ್ತು ಆ ಮೂಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದ್ದಾಗ ಅಳುತ್ತಿರಲಿಲ್ಲ. "ಬಿಡೋದಾದ್ರೆ ಪೂರ್ತಿ ಬಿಡ್ಬೇಕು. ಹಿಡಿಯೋದಾದ್ರೆ ಇಂಥದ್ದು ಇನ್ನೊಂದು ಸಲ ಆಗದ ಹಾಗೆ ಹಿಡೀಬೇಕು," ಎಂದಳು. ಎರಡರಲ್ಲಿ ಯಾವುದು ಎಂದು ನಾನು ಕೇಳಲಿಲ್ಲ. ಅವಳ ನಡಿಗೆಯೇ ಹೇಳುತ್ತಿತ್ತು.

ಒಂದೇ ಮಗ್ಗುಲಿಗೆ ಸಾಣೆ ಹಿಡಿದ ಅಲಗುಗಳ ಸುದ್ದಿ ನಮ್ಮ ಕಡೆಯವರಿಗೆ ಹೊಸದಲ್ಲ. ಸಾಮಾನ್ಯ ಅಲಗಿಗೆ ಚಾಕುವಿನ ಹಾಗೆ ಅಂಚಿನ ಎರಡೂ ಬದಿಗೆ ಇಳಿಜಾರು. ಇದಕ್ಕೆ ಬಡಗಿಯ ಉಳಿಯ ಹಾಗೆ ಒಂದೇ ಬದಿಗೆ. ಮೂಳೆಗೆ ಹೊಕ್ಕಾಗ ಆ ಇಳಿಜಾರು ಅಲಗನ್ನು ಒಂದು ಪಕ್ಕಕ್ಕೆ ದೂಡುತ್ತದೆ, ಅಲಗು ತಿರುಪಿನಂತೆ ತಿರುಗುತ್ತದೆ, ಮೂಳೆ ಸೀಳಿ ದಾರಿ ಬಿಡುತ್ತದೆ. ಸಡಿಲ ಬಿಲ್ಲಿನವರಿಗೆ ಇದೇ ಗತಿ ಎಂದು ಹಲವರು ಹೇಳುತ್ತಿದ್ದರು. ಮಾರ್ಲಿಸ್ ಯಾರ ಮಾತನ್ನೂ ಹಾಗೇ ನುಂಗಲಿಲ್ಲ. ಕಟುಕನ ಅಂಗಡಿಯಿಂದ ಹೋರಿಯ ಹೆಗಲ ಮೂಳೆಗಳನ್ನು ತಂದು, ಮೇಲೆ ಹಸಿ ಚರ್ಮ ಹೊದಿಸಿ, ಹುಲ್ಲಿನ ಹೊರೆಗೆ ಕಟ್ಟಿ ಹೊಡೆಯತೊಡಗಿದಳು. ಆ ಬೇಸಿಗೆಯಲ್ಲಿ ಅವರ ಹಿತ್ತಲಿಗೆ ನಾಯಿಗಳು ಬಂದಷ್ಟು ನೆಂಟರು ಎಂದೂ ಬಂದಿರಲಿಲ್ಲ.

ಮೊದಲು ತಂದ ಅಲಗು ನೋಡಲು ಚೆಂದ, ಅಗಲ, ತೆಳು. ಮೂಳೆಗೆ ಬಡಿದಾಗ ತುದಿ ಕೊಕ್ಕೆಯಂತೆ ಬಾಗಿತು. ಎರಡನೆಯದು ಬಹಳ ಗಟ್ಟಿ ಉಕ್ಕು. ಅದು ಬಾಗಲಿಲ್ಲ, ತುದಿ ಚಟ್ಟನೆ ಮುರಿದೇ ಹೋಯಿತು. ಮೂರನೆಯದನ್ನು ನೋಡಿ ನಾನು ನಕ್ಕೆ: ದಪ್ಪ, ಉದ್ದ, ಇಕ್ಕಟ್ಟು, ಬೇಟೆಯ ಕಾನೂನು ಕೇಳುವ ಕನಿಷ್ಠ ಅಗಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಕೈಯಲ್ಲಿ ಹಿಡಿದರೆ ಭಾರ.

"ಇದೇನೇ, ಗುದ್ದಲಿ ತುಂಡು ಕಟ್ಕೊಂಡು ಹೋಗ್ತೀಯಾ?"

"ಗುದ್ದಲಿ ಮಣ್ಣಿಗೆ ಹೋಗಲ್ವಾ? ಹೋಗತ್ತೆ."

ಅದರ ಸೂಜಿಮೊನೆಯನ್ನು ಅರದಿಂದ ಚೂರೇ ಚೂರು ಮೊಂಡು ಮಾಡಿದಳು, ಬಾಗದಿರಲಿ ಎಂದು. ಅಂಚನ್ನು ಮಾತ್ರ ಸಾಣೆಕಲ್ಲಿಗೆ, ಆಮೇಲೆ ಚರ್ಮದ ಪಟ್ಟಿಗೆ ತಿಕ್ಕಿ ತಿಕ್ಕಿ ಕ್ಷೌರದ ಕತ್ತಿ ಮಾಡಿದಳು. ಹರಿತ ಬಂತೋ ಇಲ್ಲವೋ ಎಂದು ನೋಡಲು ಆರ್ವಿಡ್‌ನ ತೋಳಿನ ಕೂದಲು ಬೋಳಿಸುವುದು ರೂಢಿಯಾಯಿತು. ಒಂದು ಸಂಜೆ ಅವನು ತೋಳು ಚಾಚಿ ನನಗೆ ತೋರಿಸಿದ: "ನೋಡು, ಸುಟ್ಟ ಕೋಳಿ ಆಗಿದ್ದೀನಿ. ಇನ್ನು ಕಾಲಿಗೆ ಬರ್ತಾಳಂತೆ."

ಆದರೂ ಮೂಳೆಯೊಳಗೆ ಬಾಣ ಅರ್ಧಕ್ಕೇ ನಿಲ್ಲುತ್ತಿತ್ತು. ಒಮ್ಮೆ ಹೋಗುತ್ತದೆ, ಒಮ್ಮೆ ನಿಲ್ಲುತ್ತದೆ. ಅವಳಿಗೆ ತಲೆ ಕೆಟ್ಟಿತು. ಬಾಣದ ಕಡ್ಡಿ ಬದಲಿಸಿದಳು, ತೂಕ ಬದಲಿಸಿದಳು. ಒಂದು ಭಾನುವಾರ ಕ್ಲಬ್ಬಿನಲ್ಲಿ ಹೊಡೆಯುತ್ತಿದ್ದಾಗ ಹಾಲಿಸ್ ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದ. ಅಣಕಿಸಲು ಬಂದವನೇ. ಆದರೆ ಒಂದು ಬಾಣ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಅದರ ಬಾಲದ ಗರಿಯ ಮೇಲೆ ಬೆರಳಿಟ್ಟ.

"ಮಾರ್ಲಿಸ್, ಈ ಗರಿ ಯಾವ ರೆಕ್ಕೇದು?"

"ಟರ್ಕಿ ಕೋಳೀದು."

"ಕೋಳಿ ಗೊತ್ತಾಯ್ತು ಕಣಮ್ಮ. ಬಲಗಡೆ ರೆಕ್ಕೇದೋ ಎಡಗಡೇದೋ?"

ಬಲ ರೆಕ್ಕೆಯದು. ಅಲಗಿನ ಸಾಣೆ ಎಡದ್ದು. ಗಾಳಿಯಲ್ಲಿ ಗರಿ ಬಾಣವನ್ನು ಬಲಕ್ಕೆ ತಿರುಗಿಸುತ್ತಿತ್ತು. ಮೂಳೆಯೊಳಗೆ ಅಲಗು ಎಡಕ್ಕೆ ತಿರುಗಲು ಹೆಣಗುತ್ತಿತ್ತು. ಒಂದೇ ಬಂಡಿಗೆ ಎರಡು ದಿಕ್ಕಿಗೆ ಎತ್ತು ಕಟ್ಟಿದ ಹಾಗೆ. ಮಾರ್ಲಿಸ್ ಬಾಣವನ್ನು ಅವನ ಕೈಯಿಂದ ತೆಗೆದುಕೊಂಡು ಗರಿಯನ್ನೂ ಅಲಗನ್ನೂ ತಿರುಗಿಸಿ ತಿರುಗಿಸಿ ನೋಡಿದಳು.

"ಹಾಲಿಸ್, ನಿನ್ನ ಬಾಯಿಂದ ಇವತ್ತೊಂದು ಉಪಯೋಗ ಆಯ್ತು."

"ಪೇಪರ್‌ನಲ್ಲಿ ಹಾಕ್ಸು," ಎಂದ ಅವನು. ಆದರೆ ಮುಖ ಅರಳಿತ್ತು. ಮರುದಿನ ತನ್ನ ಅಣ್ಣನ ಫಾರ್ಮಿನಿಂದ ಎಡ ರೆಕ್ಕೆಯ ಗರಿಗಳ ಚೀಲವೊಂದನ್ನು ತಂದು ಅವಳ ಬಸ್ಸಿನ ಬಾಗಿಲಿಗೆ ನೇತುಹಾಕಿ ಹೋದ. ಅವಳು ಬೇಸಿಗೆಯೆಲ್ಲ ಅಂಟಿಸಿದ್ದ ಗರಿಗಳನ್ನು ಒಂದೂ ಬಿಡದೆ ಕಿತ್ತು ಹೊಸದಾಗಿ ಕೂರಿಸಿದಳು. ಆಮೇಲೆ ಹೊಡೆದ ಬಾಣಗಳು ಮೂಳೆ ಸೀಳಿಕೊಂಡು ಹುಲ್ಲಿನ ಹೊರೆಯಲ್ಲಿ ಗರಿತನಕ ಮುಳುಗಿದವು.

ಸೆಪ್ಟೆಂಬರ್‌ನ ಮೊದಲ ವಾರವೇ ಒಂದು ಗಂಡು ಬಂತು. ಕಳೆದ ವರ್ಷದ್ದಕ್ಕಿಂತ ದೊಡ್ಡದು. ನಾನು ಹಿಂದೆ ಫರ್ ಮರಗಳ ಮರೆಯಲ್ಲಿ ಪೀಪಿ ಊದುತ್ತಿದ್ದೆ. ಅದು ಕೂಗುತ್ತಾ, ಬೆದೆಯ ಉಚ್ಚೆ ವಾಸನೆ ಹೊತ್ತು ನೇರ ಅವಳ ಮುಂದೆಯೇ ನಿಂತಿತು. ಎದೆ ಅವಳ ಕಡೆಗೆ. ಮಾರ್ಲಿಸ್ ಹೆದೆ ಎಳೆಯಲೇ ಇಲ್ಲ. ಅದು ಮೂಸಿ, ತಿರುಗಿ, ಕಾಡೆಲ್ಲ ಮುರಿಯುವಂತೆ ಓಡಿಹೋಯಿತು.

ನನಗೆ ತಡೆಯಲಾಗಲಿಲ್ಲ. "ಬೇಸಿಗೆಯೆಲ್ಲಾ ಮೂಳೆ ಒಡೆದದ್ದು ಯಾಕೆ ಮತ್ತೆ? ಮುಂದೇನೇ ನಿಂತಿತ್ತಲ್ಲೇ!"

"ಅಲಗು ಒಳ್ಳೇದು ಅಂತ ಹೊಡೆತ ಕೆಟ್ಟದಾಗಿ ಹೊಡೆಯೋಕಾಗತ್ತಾ? ಮಗ್ಗುಲು ಕೊಡಲಿಲ್ಲ, ನಾನು ಬಿಡಲಿಲ್ಲ. ಮುಗೀತು."

ಮಗ್ಗುಲು ಕೊಟ್ಟದ್ದು ಎರಡು ವಾರ ಕಳೆದ ಮೇಲೆ, ಹಕಲ್‌ಬೆರಿ ಪೊದೆಗಳೆಲ್ಲ ಕೆಂಪಾಗಿದ್ದ ಒಂದು ಬೆಳಗ್ಗೆ. ಬಂದದ್ದು ಕೊಂಬಿನ ಗಂಡಲ್ಲ, ಮರಿಯಿಲ್ಲದ ಒಂಟಿ ಹೆಣ್ಣು. ಮೇಯುತ್ತಾ ಅಂಗಳದಷ್ಟು ದೂರದಲ್ಲಿ ಅಡ್ಡಲಾಗಿ ನಿಂತಿತು. ಮಾರ್ಲಿಸ್‌ಳ ಮೊಣಕೈ ಹಿಂದೆ ಸರಿದದ್ದು ಕಂಡಿತು, ಬೆರಳು ಬಿಚ್ಚಿದ್ದು ಕಾಣಲಿಲ್ಲ. ಅದೇ ಗಳಿಗೆಗೆ ಎಲ್ಕ್ ಒಂದು ಹೆಜ್ಜೆ ಹಿಂದಕ್ಕಿಟ್ಟಿತು. ಪಕ್ಕೆಗೆ ಹೋಗಬೇಕಾದ ಬಾಣ ಹೆಗಲ ಮೂಳೆಯ ಅಂಚಿಗೆ ಬಡಿಯಿತು. ಮತ್ತೆ ಅದೇ ಸದ್ದು.

ಆದರೆ ಬಾಣ ಎಲ್ಕ್‌ನ ಮೈಯಲ್ಲಿರಲಿಲ್ಲ. ಆ ಕಡೆಯ ಪಾಚಿಯಲ್ಲಿ ನೆಟ್ಟು ನಿಂತಿತ್ತು, ಗರಿಯವರೆಗೆ ಕೆಂಪು. ಎಲ್ಕ್ ಹತ್ತಿಪ್ಪತ್ತು ಮಾರು ಓಡಿ, ಏನಾಯಿತೆಂದು ಯೋಚಿಸುವಂತೆ ನಿಂತು, ನಮ್ಮ ಕಣ್ಣೆದುರೇ ಮಂಡಿಯೂರಿ ಮಲಗಿತು. ಮಾರ್ಲಿಸ್ ಬಿಲ್ಲು ಕೆಳಗಿಟ್ಟು ತಾನೂ ಕೂತಳು. ಅದರ ಉಸಿರು ಪೂರ್ತಿ ನಿಂತ ಮೇಲೆ ಹತ್ತಿರ ಹೋಗಿ ಕಿವಿಯ ಹಿಂದೆ ಕೈ ಇಟ್ಟಳು. ಏನೋ ಹೇಳಿದಳು, ಅದು ನನಗೆ ಹೇಳಿದ್ದಲ್ಲ.

ಚರ್ಮ ಸುಲಿದಾಗ ಹೆಗಲ ಮೂಳೆ ಕಂಡಿತು. ಅಂಚು ಉದ್ದಕ್ಕೆ ಸೀಳಿ ಬಾಯ್ದೆರೆದಿತ್ತು. ಅವಳು ಆ ಸೀಳಿನಲ್ಲಿ ಬೆರಳಾಡಿಸಿದಳು, ನಗಲಿಲ್ಲ. "ಹೂಂ," ಎಂದಳು ಅಷ್ಟೇ.

ನಾಲ್ಕು ಕಾಲು, ಬೆನ್ನಿನ ಮಾಂಸ, ಎದೆಯದ್ದು ಎಲ್ಲ ಬಟ್ಟೆಚೀಲಗಳಿಗೆ ತುಂಬಿ ಮರಕ್ಕೆ ತೂಗುಹಾಕಿದೆವು. ಮೊದಲ ಹೊರೆ ಹೊತ್ತು ಕೆಳಗಿನ ಟ್ರಕ್ ತಲುಪಿದ್ದೇ ತಡ ನಾನು ನೆಲದ ಮೇಲೆ ಕೂತುಬಿಟ್ಟೆ. ಆರ್ವಿಡ್ ಟ್ರಕ್ಕಿನ ಹತ್ತಿರ ಬಿಸಿ ಕಾಫಿ ಹಿಡಿದು ಕಾಯುತ್ತಿದ್ದ. ಹೆಗಲಿನ ಕಾರಣಕ್ಕೆ ಅವಳು ಸಣ್ಣ ಹೊರೆ ಹೊರಲಿ, ಉಳಿದದ್ದು ತನಗಿರಲಿ ಎಂದ. ಅವಳು ಒಪ್ಪಿದಳು. ಹಟಕ್ಕೂ ಒಂದು ಅಳತೆ ಅವಳಲ್ಲಿದೆ.

"ಉಳಿದದ್ದು ನಾಳೆ ತರೋಣ ಕಣೆ," ಎಂದೆ ನಾನು, ಬೂಟಿನ ದಾರ ಸಡಿಲಿಸುತ್ತಾ.

"ನಾಳೆಗೆ ಕರಡಿ ಊಟ ಮುಗಿಸಿ ಕೈ ತೊಳ್ಕೊಂಡಿರತ್ತೆ. ದಾರ ಕಟ್ಕೊ."

ಕಟ್ಟಿಕೊಂಡೆ. ಮೂವರೂ ಮತ್ತೆ ಬೆಟ್ಟ ಹತ್ತಿದೆವು, ಅವಳು ಎಲ್ಲರಿಗಿಂತ ಮುಂದೆ.