ಕೊಕ್ಕನೂರಿನ ಡೊರತಿ

ಕೊಕ್ಕನೂರಿನ ಕೆಂಚವ್ವನ ಮಗಳ ಹೆಸರು ಡೊರತಿ. ನಗಬೇಡಿ, ಕಿರಿಸ್ತಾನರವಳಲ್ಲ, ಹೊಲಮನೆಯ ಹುಡುಗಿಯೇ. ಇವಳಿಗಿಂತ ಮುಂಚಿನ ಕೂಸುಗಳು ಒಂದೂ ತೊಟ್ಟಿಲು ಕಾಣಲಿಲ್ಲ. ಇವಳು ಹರಿಹರದ ಆಸ್ಪತ್ರೆಯಲ್ಲಿ ಅಳದೆ ಹುಟ್ಟಿದಾಗ ನರ್ಸಮ್ಮ ಉಸಿರು ಊದಿ ಉಳಿಸಿದಳು. ಕೂಸು ಬಾಳಿದರೆ ಆ ನರ್ಸಮ್ಮನ ಹೆಸರನ್ನೇ ಇಡುತ್ತೇನೆಂದು ಕೆಂಚವ್ವ ಹರಕೆ ಹೊತ್ತಳು.

ಎಪ್ಪತ್ತೆಂಟನೇ ಇಸವಿಯಲ್ಲಿ ದಾವಣಗೆರೆ ಮಂಡಿಪೇಟೆಯ ಜೋಳದ ವ್ಯಾಪಾರಿಗಳ ಮನೆಯಿಂದ ಗಂಡು ಬಂತು. ಅನುಕೂಲಸ್ಥರು, ಮನೆ ತುಂಬ ಹಿತ್ತಾಳೆ ಕೊಡಗಳು. ಅವನ್ನು ತಿಕ್ಕುವ ಕಷ್ಟ ಈಗಿನವರಿಗೆ ಎಲ್ಲಿ ಗೊತ್ತು, ಇರಲಿ. ಎಲೆಅಡಿಕೆ ಬದಲಾದ ಮೇಲೆ ಗಂಡಿನ ತಾಯಿ ತಿಮ್ಮವ್ವ ಬಾಯಿಬಿಟ್ಟಳು.

“ಹಿರೀ ಸೊಸಿಗೆ ಹಂಪವ್ವ ಅಂತ ನಮ್ಮತ್ತಿ ಹೆಸರಿಡೋದು ನಮ್ಮ ಪದ್ಧತಿ. ಡೊರತಿ ಅಂದ್ರೆ ಕಿರಿಸ್ತಾನರ ಹೆಣ್ಣು ತಂದ್ರು ಅಂತಾರೆ ಪ್ಯಾಟಿ ಮಂದಿ.”

“ಹೆಸರು ತೆಗದ್ರೆ ನನ್ ಕೂಸು ಹೋಗ್ತತ್ರೀ,” ಎಂದಳು ಕೆಂಚವ್ವ.

ಒಪ್ಪಿದರೆ ತಾಯಿಯ ಜೀವ ಹಾರುತ್ತದೆ. ಮದುವೆ ಮುರಿದರೆ ಇನ್ನೊಂದು ಗಂಡು ಬರುವುದಿಲ್ಲ. ನಡುವೆ ಸಿಕ್ಕ ಡೊರತಿ ಹರಿಹರದ ಬಸ್ಸು ಹತ್ತಿ ಮುದುಕಿಯಾಗಿದ್ದ ನರ್ಸಮ್ಮನನ್ನು ಹುಡುಕಿದಳು.

“ಇದಕ್ಕೇನಾರ ಅರ್ಥ ಐತೇನ್ರೀ?”

“ಯಾಕಿಲ್ಲ ಮಗಳೇ? ಪೀಟರ್ ಅಂದ್ರೆ ಬಂಡೆ, ನಿಮ್ಮೂರ ಕಲ್ಲಪ್ಪ ಇದ್ದಂಗೆ. ಮಾರ್ಗರೆಟ್ ಅಂದ್ರೆ ಮುತ್ತು, ನಿಮ್ಮ ಮುತ್ತವ್ವ. ಡೊರತಿ ಅಂದ್ರೆ ದೇವರು ಕೊಟ್ಟಿದ್ದು.”

ಹುಡುಗಿಗೆ ಎದೆ ಹಗುರಾಯಿತು. ಅದೇ ಅರ್ಥ ಬರುವಂತೆ ದೇವಮ್ಮ ಎಂದಾದರೆ ಇಬ್ಬರಿಗೂ ಸಮಾಧಾನ ಎಂದುಕೊಂಡು ಊರಿಗೆ ಬಂದಳು.

“ಅರ್ಥಕ್ಕಲ್ಲವ್ವ ನಾ ಹರಕಿ ಹೊತ್ತಿದ್ದು, ಆ ಹೆಸರಿಗೆ,” ಎಂದಳು ತಾಯಿ.

ತಿಮ್ಮವ್ವನಿಂದಲೂ ಉತ್ತರ ಬಂತು: “ಅರ್ಥ ಕಟ್ಕಂಡು ನಾವೇನ್ ಮಾಡಾನ? ನಮ್ಮತ್ತಿ ಹೆಸರು ಹಂಪವ್ವ.”

ಇನ್ನೊಂದು ಗಂಡು ಸಿಗದೆಂದು ಕೆಂಚವ್ವನೇ ಬಾಗಿದಳು, ಮದುವೆ ನಡೆಯಿತು. ಮನೆ ತುಂಬಿಸಿಕೊಳ್ಳುವಾಗ ಅಕ್ಕಿಯ ತಟ್ಟೆಯಲ್ಲಿ ಗಂಡ ಉಂಗುರದಿಂದ ಹಂಪವ್ವ ಎಂದು ಬರೆದ. ಹಳೆಯ ಹೆಸರನ್ನು ಆ ಮನೆಯಲ್ಲಿ ಎತ್ತುವುದಿಲ್ಲವೆಂದು ಕೆಂಚವ್ವನಿಂದ ಮಾತು ತೆಗೆದುಕೊಂಡಿದ್ದರು. ಹೊಸದನ್ನು ಅನ್ನಲು ಅವಳಿಗೆ ನಾಲಗೆ ಏಳದು.

ಪಂಚಮಿಗೆ ಮಗಳನ್ನು ಕರೆಯಲು ಬಂದ ಕೆಂಚವ್ವ ಹೊಸ್ತಿಲಾಚೆಯೇ ನಿಂತಳು.

“ಒಳಗೆ ರೊಟ್ಟಿ ಬಡೀತಾಳೆ,” ಎಂದಳು ತಿಮ್ಮವ್ವ. “ನಿಮ್ ಮಗಳಲ್ಲೇನು? ಹೆಸರು ಹಿಡಿದು ಕರೀರಿ.”

ಒಲೆಯ ಮುಂದಿದ್ದ ಹುಡುಗಿಗೆ ಎಲ್ಲ ಕೇಳಿಸುತ್ತಿತ್ತು. ಅವಳ ಕೈ ಹಿಟ್ಟಿನ ಮೇಲೇ ನಿಂತಿತು. ಹೊರಗೆ ಅವ್ವ ಕೆಮ್ಮಿದಳು, ಸೆರಗು ಸರಿಮಾಡಿಕೊಂಡಳು.

“ಅತ್ತೀ,” ಎಂದಿತು ಒಳಗಿನಿಂದ ಸಣ್ಣ ದನಿ, “ಹಂಪವ್ವ ಬಂದ್ಲು ಅಂತ ನಮ್ಮವ್ವಗೆ ಹೇಳ್ರಿ.”