ಗಂಟೆ ಹೊಡೆದಾಗ ಉಳಿದಿದ್ದ ಅರ್ಧ ಪಾಠ

ಪ್ರೌಢಶಾಲೆಯ ಮಕ್ಕಳಿಗೆ ಚರಿತ್ರೆಯನ್ನೂ ಕಾನೂನನ್ನೂ ಒಟ್ಟಿಗೇ ಕಲಿಸಬಲ್ಲ ಶಿಕ್ಷಕರು ವಿರಳ. ಚರಿತ್ರೆಯೆಂದರೆ ಬಾಯಿಪಾಠ ಮಾಡಬೇಕಾದ ಇಸವಿಗಳು, ಕಾನೂನೆಂದರೆ ವರ್ಷದ ಕೊನೆಯಲ್ಲಿ ಓಡಿಸಿ ಮುಗಿಸುವ ತೆಳ್ಳನೆಯ ಅಧ್ಯಾಯ ಎಂದು ನಾವೆಲ್ಲ ನಂಬಿಕೊಂಡು ಸಂಬಳ ಎಣಿಸುತ್ತಿದ್ದ ಕಾಲದಲ್ಲಿ, ಹಿಂದೆ ಯಾರೋ ಪಟ್ಟ ಭಯವೇ ಇಂದು ಕಾನೂನಾಗಿ ನಮ್ಮನ್ನು ಕಾಯುತ್ತಿದೆ ಎಂಬುದನ್ನು ತರಗತಿಯಲ್ಲಿ ಮಾಡಿ ತೋರಿಸಿದವರು ನಮ್ಮ ಚರಿತ್ರೆ ಮೇಡಂ. ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಅವರ ವಿದ್ವತ್ತು, ಅವರು ರೂಪಿಸಿದ ಪಠ್ಯಕ್ರಮ, ಅವರಿಗೆ ಸಂದ ಪ್ರಶಸ್ತಿಗಳ ಬಗ್ಗೆ ಈ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಅವರ ಒಂದೇ ಒಂದು ಪಾಠದ ಕುರಿತು. 

ನಾನು ಗಣಿತದ ಮೇಷ್ಟ್ರು, ಹುಟ್ಟಾ ಪುಕ್ಕಲು. ಫೋನು ಬಡಿದುಕೊಂಡರೆ ಎದೆ ಡವಗುಟ್ಟುತ್ತದೆ, ಶಾಲಾ ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಊಟ ಸೇರುವುದಿಲ್ಲ. ನನ್ನ ತರಗತಿಗೂ ಮೇಡಂ ತರಗತಿಗೂ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಅತ್ತ ಸಾಮ್ರಾಜ್ಯಗಳು ಬೀಳುವ ಸದ್ದು ಇತ್ತ ನನ್ನ ತ್ರಿಕೋನಗಳ ಮೇಲೆ ಬೀಳುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇನ್‌ಸ್ಪೆಕ್ಟರ್ ಹಿಂದಿನ ಬೆಂಚಿನಲ್ಲಿ ಕುಳಿತಾಗ ನನ್ನ ಸೀಮೆಸುಣ್ಣ ಬೋರ್ಡಿನ ಮೇಲೆ ಟಕಟಕ ನಡುಗಿ ಲೆಕ್ಕವೇ ಮರೆತುಹೋಯಿತು. ಆಗ ಮೇಡಂ ತಾವೇ ಬಾಗಿಲಿಗೆ ಬಂದು, ಡಸ್ಟರ್ ಕಾಣಿಸುತ್ತಿಲ್ಲವೆಂದು ಇನ್‌ಸ್ಪೆಕ್ಟರರನ್ನೂ ಸೇರಿಸಿಕೊಂಡು ಹುಡುಕಾಡಿಸಿ, ನಾನು ನೀರು ಕುಡಿದು ಉಸಿರೆಳೆದುಕೊಳ್ಳುವಷ್ಟು ಹೊತ್ತು ತರಗತಿಯನ್ನು ತಲೆಕೆಳಗು ಮಾಡಿ ಹೋದರು. ಡಸ್ಟರ್ ಅವರ ಕಂಕುಳಲ್ಲೇ ಇತ್ತು. ಇಂಥ ಉಪಕಾರಗಳನ್ನು ಅವರು ಮಾಡಿದ ಮರುಗಳಿಗೆಯೇ ಮರೆಯುತ್ತಿದ್ದರು.

ಒಂಬತ್ತನೆಯ ತರಗತಿಯ ಚರಿತ್ರೆಯಲ್ಲಿ ಹಳೆಯ ಕಾಲದ ವಿಚಾರಣೆಗಳ ಅಧ್ಯಾಯವೊಂದಿದೆ. ಮಾಟಗಾತಿಯರೆಂಬ ಆಪಾದನೆ ಹೊತ್ತ ಬಡ ಹೆಂಗಸರು, ತಾವು ಆಕಾಶದಲ್ಲಿ ಹಾರಿದ್ದು ನಿಜ, ಬಿರುಗಾಳಿ ಎಬ್ಬಿಸಿದ್ದು ನಿಜ ಎಂದು ನ್ಯಾಯಾಧೀಶರ ಮುಂದೆ ಒಪ್ಪಿಕೊಂಡ ಕಥೆ. ಪ್ರತಿ ವರ್ಷವೂ ಮಕ್ಕಳು ನಗುತ್ತಿದ್ದರು, ಹಾರದೇ ಇದ್ದವರು ಹಾರಿದೆ ಅಂತ ಯಾಕೆ ಹೇಳುತ್ತಾರೆ ಎಂದು. ಮೇಡಂ ಉತ್ತರ ಕೊಡುತ್ತಿರಲಿಲ್ಲ. ಹೆಚ್ಚು ನಕ್ಕವರನ್ನು ಮುಂದೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಗೋಡೆಯ ಭೂಪಟ ಹರಿದದ್ದು ನೀನೇ ಎಂಬಂಥ ಒಂದು ಸುಳ್ಳು ಆಪಾದನೆ ಹೊರಿಸಿ, ಮೆತ್ತಗೆ ಪ್ರಶ್ನೆ ಕೇಳುತ್ತ ಹೋಗುತ್ತಿದ್ದರು. ಮುಕ್ಕಾಲು ಪಿರಿಯಡ್ ಮುಗಿಯುವಷ್ಟರಲ್ಲಿ ಆ ಮಗು ಹರಿಯದ ಭೂಪಟವನ್ನು ತಾನೇ ಹರಿದೆನೆಂದು ಒಪ್ಪಿಕೊಳ್ಳುತ್ತಿತ್ತು. ಇದು ಪಾಠದ ಮೊದಲ ಅರ್ಧ. ಆಮೇಲೆ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದು ಹಾಗೆ ಹೇಳಿದ್ದು ಯಾಕೆಂದು ಎಲ್ಲರಿಂದಲೂ ಬಿಡಿಸಿ ಹೇಳಿಸಿ, ಯಾರನ್ನೂ ಅವರ ವಿರುದ್ಧ ಅವರೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದೆಂಬ ಕಾನೂನು ಹುಟ್ಟಿದ್ದು ಹೇಗೆಂದು ವಿವರಿಸುತ್ತಿದ್ದರು. ಮಗು ನಗುತ್ತ ಜಾಗಕ್ಕೆ ಹೋಗುತ್ತಿತ್ತು. ಇದು ಎರಡನೆಯ ಅರ್ಧ.

ಒಂದು ವರ್ಷ ಆ ಅಧ್ಯಾಯ ಬರುವ ಎರಡು ವಾರ ಮೊದಲು ಪ್ರಯೋಗಾಲಯದ ಸ್ಟೋರ್ ರೂಮಿಗೆ ಬೆಂಕಿ ಬಿತ್ತು. ನಡುಮಧ್ಯಾಹ್ನ, ಶಾಲೆಯಲ್ಲಿ ಮಕ್ಕಳಿದ್ದ ಹೊತ್ತು. ಬಾಗಿಲು ಒಡೆಯಲು ಹೋದ ವಾಚ್‌ಮನ್‌ರ ಎರಡೂ ಅಂಗೈ ಸುಟ್ಟುಹೋದವು. ಬೇಕೆಂದೇ ಯಾರೋ ಹಚ್ಚಿದ್ದಾರೆಂಬ ಮಾತು ಮಾತ್ರ ಬೆಂಕಿ ಆರಿದ ಮೇಲೂ ಆರಲಿಲ್ಲ. ಕಾರಿಡಾರಿನಲ್ಲಿ ಎಲ್ಲೆಲ್ಲೂ ಕಮಟು ವಾಸನೆ, ಸ್ಟಾಫ್ ರೂಮಿನಲ್ಲಿ ಗುಸುಗುಸು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಲು ಹೆದರುತ್ತಿದ್ದರು, ನಾವು ಮಕ್ಕಳ ಮುಖ ನೋಡಲು ಹೆದರುತ್ತಿದ್ದೆವು.

ಅಂಥ ದಿನಗಳಲ್ಲಿ ಮೇಡಂ ಆ ಪಾಠ ಎತ್ತಿಕೊಂಡರು. ಅಂದು ನಕ್ಕವಳು, ಯಾವುದಕ್ಕೂ ನಗು ತಡೆಯಲಾಗದ ಕಾರಣಕ್ಕೆ ಎಲ್ಲರೂ ಕಿಸಿಕಿಸಿ ಎಂದು ಕರೆಯುತ್ತಿದ್ದ, ಸೈಕಲ್ ರಿಪೇರಿಯವರ ಮಗಳು. ಅವಳ ಮೇಲೆ ಯಾವ ಆಪಾದನೆ ಹೊರಿಸೋಣ ಎಂದು ಮೇಡಂ ಕೇಳಿದಾಗ ಹಿಂದಿನ ಬೆಂಚಿನಿಂದ ಯಾರೋ "ಬೆಂಕಿ ಹಚ್ಚಿದ್ದು!" ಎಂದು ಕೂಗಿದರು. ಮೇಡಂ ಒಂದು ಕ್ಷಣ ತಡೆದು, ಆಗಲಿ ಎಂದರು. ಹಲಗೆಯ ಈಚೆ ನಾನು ಬೋರ್ಡು ಒರೆಸುತ್ತ ನಿಂತಿದ್ದೆ. ಮೊದಲು ನಗು ಕೇಳಿಸಿತು, ನಂತರ ನಗು ನಿಂತಿತು, ಆಮೇಲೆ ಅಳುವ ದನಿಯಲ್ಲಿ "ಹೌದು ಮೇಡಂ, ನಾನೇ ಹಚ್ಚಿದೆ" ಎಂಬ ಮಾತು ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಬೆಂಕಿಯ ವಿಷಯ ಚರ್ಚಿಸಲು ಮುಖ್ಯೋಪಾಧ್ಯಾಯರು ತುರ್ತು ಸಭೆ ಕರೆದು, ಅಂದಿನ ಪಿರಿಯಡ್ಡುಗಳನ್ನೆಲ್ಲ ಮೊಟಕು ಮಾಡಿ ಮಕ್ಕಳನ್ನು ಬೇಗ ಮನೆಗೆ ಕಳಿಸಲು ಹೇಳಿದ್ದರು. "ಕೂತ್ಕೊಳ್ಳಿ, ಪಾಠ ಮುಗಿದಿಲ್ಲ" ಎಂದು ಮೇಡಂ ಕೂಗುತ್ತಿದ್ದಂತೆಯೇ ತರಗತಿ ಖಾಲಿಯಾಗಿತ್ತು. ಮಕ್ಕಳು ತಪ್ಪೊಪ್ಪಿಗೆಯನ್ನಷ್ಟೇ ಮನೆಗೆ ಹೊತ್ತೊಯ್ದರು. ಕಾನೂನು ತರಗತಿಯಲ್ಲೇ ಉಳಿಯಿತು.

ಸಂಜೆಯೊಳಗೆ ಬಾಯಿಂದ ಬಾಯಿಗೆ ಸುದ್ದಿ ಊರೆಲ್ಲ ತಿರುಗಿತು. ಮರುದಿನ ಸೈಕಲ್ ಅಂಗಡಿಯ ಮುಂದೆ ಒಂದೂ ಸೈಕಲ್ ನಿಲ್ಲಲಿಲ್ಲ. ಯಾರೋ ಶಟರಿನ ಮೇಲೆ ಇದ್ದಿಲಿನಲ್ಲಿ ಬರೆಯಬಾರದ್ದನ್ನು ಬರೆದಿದ್ದರು. ಮುಖ್ಯೋಪಾಧ್ಯಾಯರು ಹುಡುಗಿಯನ್ನು ತಮ್ಮ ಕೊಠಡಿಗೆ ಕರೆಸಿ ಕೇಳಿದಾಗ ಅವಳು ಮತ್ತೆ ಹೌದೆಂದಳು. ಅದು ಬರೀ ಪಾಠವೆಂದು ಮೇಡಂ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶನಿವಾರ ಆಡಳಿತ ಮಂಡಳಿ ಅವಳ ಹೇಳಿಕೆಯನ್ನು ದಾಖಲಿಸಿಕೊಂಡು ಪೊಲೀಸರಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು.

ಮೇಡಂ ನನ್ನನ್ನೂ ಕರೆದುಕೊಂಡು ಹುಡುಗಿಯ ಮನೆಗೆ ಹೋದರು. ಅಂಗಡಿಯ ಹಿಂದಿನ ಒಂದೇ ಕೋಣೆ, ಗೋಡೆಯ ತುಂಬ ಟೈರುಗಳು, ಅವುಗಳ ಕೆಳಗೆ ಮಂಡಿ ಅಪ್ಪಿಕೊಂಡು ಕುಳಿತ ಹುಡುಗಿ. ತಂದೆ ಗ್ರೀಸ್ ಹತ್ತಿದ ಕೈಯನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು.

"ನಿನ್ನ ಹತ್ತಿರ ಸುಳ್ಳು ಹೇಳಿಸಿದ್ದು ನಾನು ಕಣಮ್ಮ. ಅದು ಪಾಠ. ನೀನು ಮಾಡಿಲ್ಲ ಅಂತ ಅವರ ಮುಂದೆ ಹೇಳಿಬಿಡು" ಎಂದರು ಮೇಡಂ.

ಹುಡುಗಿ ತಲೆಯೆತ್ತಲಿಲ್ಲ. "ಮಾಡಿಲ್ಲ ಅಂತ ನಂಗೀಗ ಗ್ಯಾರಂಟಿ ಇಲ್ಲ ಮೇಡಂ. ರಾತ್ರಿ ಕಣ್ಣು ಮುಚ್ಚಿದ್ರೆ ಕಡ್ಡಿ ಗೀರೋದು ಕಾಣ್ಸುತ್ತೆ."

ಮೇಡಂ ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹಿಂತಿರುಗುವಾಗ ನಮ್ಮ ಮನೆಯ ತಿರುವಿನಲ್ಲಿ ನಿಂತು, "ಶನಿವಾರ ನನ್ನ ಜೊತೆ ಬರ್ತೀರಾ ಮೇಷ್ಟ್ರೇ?" ಎಂದಷ್ಟೇ ಕೇಳಿದರು. ಪಕ್ಕದಲ್ಲಿ ಕುಳಿತು ಧೈರ್ಯ ಕೊಡುವುದೊಂದೇ ಕೆಲಸವೆಂದು ತಿಳಿದು, ಇಲ್ಲದ ಧೈರ್ಯವನ್ನು ಕೊಡಲು ನಾನು ಒಪ್ಪಿಕೊಂಡೆ.

ಸಭಾಂಗಣದಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮಂಡಳಿಯ ಸದಸ್ಯರು, ಹಿಂದಿನ ಸಾಲಿನಲ್ಲಿ ಅಪ್ಪ ಮಗಳು. ಅಧ್ಯಕ್ಷರು ಬಟ್ಟೆ ವ್ಯಾಪಾರಿ, ಕೆಟ್ಟವರಲ್ಲ, ಬೇಗ ಮುಗಿದರೆ ಸಾಕೆಂದುಕೊಂಡವರು. "ಮಾಡದೇ ಇದ್ದೋರು ಮಾಡಿದೆ ಅಂತ ಯಾಕ್ರೀ ಹೇಳ್ತಾರೆ?" ಎಂದರು. ಒಂಬತ್ತನೆಯ ತರಗತಿಯ ಮಕ್ಕಳು ವರ್ಷವರ್ಷವೂ ಕೇಳುತ್ತಿದ್ದ ಪ್ರಶ್ನೆ.

"ನನ್ನ ಪಾಠ ಅರ್ಧಕ್ಕೆ ನಿಂತಿದೆ. ಉಳಿದದ್ದನ್ನ ಇಲ್ಲಿ ಮಾಡೋಕೆ ಬಿಡಿ" ಎಂದ ಮೇಡಂ ನನ್ನ ಕಡೆ ತಿರುಗಿದರು. "ಬೆಂಕಿ ಬಿದ್ದ ದಿನ ಈ ಮೇಷ್ಟ್ರು ಎಲ್ಲಿದ್ರು ಅಂತ ನಿಮಗೆಲ್ಲ ಗೊತ್ತು." ಗೊತ್ತಿಲ್ಲದೆ ಏನು! ಅಂದು ನನಗೆ ಹರ್ನಿಯಾ ಆಪರೇಷನ್. ಸ್ಟೋರ್ ರೂಮು ಉರಿಯುವಾಗ ನಾನು ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದೆ. ನೋಡಲು ಬಂದ ಅಧ್ಯಕ್ಷರು, ನಾನು ಏಳುವುದನ್ನೇ ಕಾದು ಬೇಸತ್ತು, ತಂದ ಕಿತ್ತಳೆ ಹಣ್ಣನ್ನು ತಲೆದಿಂಬಿನ ಪಕ್ಕ ಇಟ್ಟು ಹೋಗಿದ್ದರು.

ಮೇಡಂ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಎದುರಿಗೆ ಕುಳಿತರು. "ಬೆಂಕಿ ನೀವು ಹಚ್ಚಿಲ್ಲ. ನಾನು ಏನೇ ಕೇಳಿದ್ರೂ ಒಪ್ಕೋಬೇಡಿ. ಸಾಕು ಅನ್ನಿಸಿದ್ರೆ ಕೈ ಎತ್ತಿ, ನಿಲ್ಲಿಸಿಬಿಡ್ತೀನಿ."

ಇದಕ್ಕಿಂತ ಸುಲಭದ ಪರೀಕ್ಷೆ ಇದೆಯೇ ಎಂದುಕೊಂಡು ನಾನು ನಕ್ಕೆ.

"ಗಣಿತದ ಸಾಮಾನೂ ಸ್ಟೋರ್ ರೂಮಿನಲ್ಲೇ ಇಡ್ತಿದ್ರಿ, ಅದರ ಇನ್ನೊಂದು ಕೀಲಿ ನಿಮ್ಮ ಹತ್ರ ಇತ್ತಲ್ವಾ? ಅವತ್ತು ಎಲ್ಲಿತ್ತು?"

"ಮನೆಯಲ್ಲಿ. ಮೊಳೆಗೆ ನೇತುಹಾಕಿದ್ದೆ."

"ಅವತ್ತು ನೋಡಿದ್ರಾ?"

"ನಾನು ಆಸ್ಪತ್ರೆಯಲ್ಲಿದ್ದೆನಲ್ಲ."

"ನೋಡಿಲ್ಲ. ನೋಡದೇ ಮನೆಯಲ್ಲಿತ್ತು ಅಂತ ಯಾಕೆ ಹೇಳಿದ್ರಿ?"

ಅವರು ಕಾದರು. ಗದರಲಿಲ್ಲ, ದನಿ ಏರಿಸಲಿಲ್ಲ, ಸುಮ್ಮನೆ ಕಾದರು. ಮೇಲೆ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಮತ್ತೆ ಮೊದಲಿನಿಂದ ಕೇಳಿದರು. ಈ ಸಲ ನಾನು, ಕೀಲಿ ಬಾಗಿಲ ಹಿಂದೆ ಇತ್ತು ಎಂದೆ. "ಆಗ ಮೊಳೆ ಅಂದ್ರಿ" ಎಂದರು. ಮೊಳೆ ಇರುವುದೇ ಬಾಗಿಲ ಹಿಂದೆ. ಆದರೂ ಹಾಗೆಂದು ಹೇಳುವಾಗ ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. ಮತ್ತೊಮ್ಮೆ ಮೊದಲಿನಿಂದ.

"ವಾಚ್‌ಮನ್ ಅವರ ಕೈ ನೋಡಿದ್ರಾ?"

"ನೋಡಿದೆ."

"ಅವರ ಮುಖ?"

ನೋಡಿರಲಿಲ್ಲ. ಬ್ಯಾಂಡೇಜು ಕಂಡರೇ ತಲೆ ಸುತ್ತುವ ಪ್ರಾಣಿ ನಾನು. ಆದರೆ ಆ ಗಳಿಗೆಯಲ್ಲಿ ನನಗೆ ಅದು ನೆನಪಾಗಲಿಲ್ಲ. ಮುಖ ನೋಡಲಾಗದೆ ತಲೆ ತಗ್ಗಿಸಿದ್ದು ಮಾತ್ರ ನೆನಪಾಗಿ, ನೋಡಲು ಆಗಲಿಲ್ಲ ಎಂದೆ.

"ಕೀಲಿ ನಿಮ್ಮದು. ಎಲ್ಲಿತ್ತು ಅಂತ ಗೊತ್ತಿಲ್ಲ ಅಂತೀರಿ. ಅವರ ಮುಖ ನೋಡೋಕೆ ಆಗಲಿಲ್ಲ ಅಂತೀರಿ. ಇಷ್ಟು ಜನ ಕಾಯ್ತಾ ಇದ್ದಾರೆ ಮೇಷ್ಟ್ರೇ. ಒಂದು ಮಾತು ಹೇಳಿದ್ರೆ ಎಲ್ಲ ಮುಗಿಯುತ್ತೆ, ಮನೆಗೆ ಹೋಗಬಹುದು."

ಆಸ್ಪತ್ರೆಯ ಹಾಸಿಗೆ ಎಲ್ಲೋ ದೂರದಲ್ಲಿ, ಬೇರೆ ಯಾರದೋ ಹಾಸಿಗೆಯಂತೆ ಇತ್ತು. ನನ್ನೆದುರು ಇದ್ದದ್ದು ಮೇಡಂ ಮುಖವೊಂದೇ. ಅದು ಒಮ್ಮೆ ಸಮಾಧಾನಗೊಂಡರೆ ಸಾಕು, ಜೀವಮಾನದಲ್ಲಿ ಮತ್ತೇನೂ ಬೇಡ ಅನ್ನಿಸಿತು.

"ಕಡ್ಡಿ ಗೀರಿದ್ದು ಯಾವ ಕೈಯಲ್ಲಿ?"

"ಬಲಗೈಯಲ್ಲಿ" ಎಂದೆ.

ಕೈ ಎತ್ತಿದ್ದರೆ ಸಾಕಿತ್ತು, ಅವರು ನಿಲ್ಲಿಸುತ್ತಿದ್ದರು. ಎತ್ತಬಹುದಾಗಿದ್ದ ಆ ಕೈಯಲ್ಲೇ ಬೆಂಕಿ ಹಚ್ಚಿದೆನೆಂದು ಹೇಳಿ ನಾನು ಎಲ್ಲರೆದುರು ಗಳಗಳನೆ ಅಳತೊಡಗಿದೆ.

"ನೀವು ಪ್ರಜ್ಞೆ ಇಲ್ಲದೆ ಬಿದ್ದಿದ್ರಲ್ರೀ! ನಾನೇ ಕಿತ್ತಳೆ ಹಣ್ಣು ತಂದಿಟ್ಟಿದ್ದೆ!" ಅಧ್ಯಕ್ಷರು ಎದ್ದು ನಿಂತುಬಿಟ್ಟಿದ್ದರು. ಸದಸ್ಯರೊಬ್ಬರು, ಇದೆಲ್ಲ ಇಬ್ಬರೂ ಮೊದಲೇ ಮಾತಾಡಿಕೊಂಡು ಆಡಿದ ನಾಟಕ ಎಂದರು. ಮೇಡಂ ಆ ಸ್ಟೂಲನ್ನು ಮೇಜಿನ ಕಡೆಗೆ ಸರಿಸಿದರು. "ಹಾಗಿದ್ರೆ ನಿಮ್ಮಲ್ಲೇ ಒಬ್ಬರು ಬಂದು ಕೂತ್ಕೊಳ್ಳಿ. ಅಧ್ಯಕ್ಷರೇ, ನೀವು ಬರ್ತೀರಾ?"

ಅಧ್ಯಕ್ಷರು ಒಂದು ಹೆಜ್ಜೆ ಹಿಂದೆ ಸರಿದರು. "ಬೇಡಮ್ಮ. ನನ್ನನ್ನ ಏನೂ ಕೇಳಬೇಡಿ." ಉಳಿದವರಲ್ಲೂ ಯಾರೂ ಏಳಲಿಲ್ಲ.

"ಭಯ ಬಿದ್ದು ಆಡಿದ ಮಾತು ಸಾಕ್ಷಿ ಅಲ್ಲ ಅಂತ ಕಾನೂನು ಹೇಳೋದು ಇದಕ್ಕೇ. ಅದು ಕಳ್ಳರನ್ನ ಉಳಿಸೋಕೆ ಬಂದ ಕಾನೂನಲ್ಲ, ಗಣಿತದ ಮೇಷ್ಟ್ರನ್ನ ಉಳಿಸೋಕೆ ಬಂದಿದ್ದು" ಎಂದು ಮೇಡಂ ಪಾಠ ಮುಗಿಸಿದರು. ಯಾರೂ ನಗಲಿಲ್ಲ. ಹುಡುಗಿಯ ಹೇಳಿಕೆಯನ್ನು ಕೈಬಿಡಲಾಯಿತು. ಅವಳು ಹಿಂದಿನ ಸಾಲಿನಿಂದ ಎದ್ದು ಬಂದು ನನಗೆ ನೀರಿನ ಲೋಟ ಕೊಟ್ಟು, "ನಂಗೂ ಹೀಗೇ ಆಯ್ತು ಸಾರ್" ಎಂದಳು.

ಸೋಮವಾರ ಮೇಡಂ ತುಂಬಿದ ತರಗತಿಯಲ್ಲಿ ಅವಳ ಕ್ಷಮೆ ಕೇಳಿದ್ದು ಹಲಗೆಯ ಈಚೆಗೂ ಕೇಳಿಸಿತು. ಅಂದಿನಿಂದ ಅವರು ಆ ಪಾಠದ ಕ್ರಮವನ್ನೇ ತಿರುಗಿಸಿಬಿಟ್ಟರು. ಮೊದಲು ಕಾನೂನು, ಆಮೇಲೆ ಚರಿತ್ರೆ. ಕಾನೂನು ಕಲಿತ ಮಕ್ಕಳು ಸ್ಟೂಲಿನ ಮೇಲೆ ಕುಳಿತೊಡನೆ ಕೈ ಎತ್ತಲು ಕಲಿತರು. ಪಾಠದ ಸೊಗಸು ಕೆಟ್ಟಿತೆಂದು ಹೊಸ ಮುಖ್ಯೋಪಾಧ್ಯಾಯರೊಬ್ಬರು ಆಕ್ಷೇಪಿಸಿದಾಗ, ಕೆಡಲಿ ಬಿಡಿ ಎಂದರು.

ಬೆಂಕಿ ಹೇಗೆ ಬಿತ್ತೆಂಬುದು ಕಡೆಗೂ ಗೊತ್ತಾಗಲಿಲ್ಲ. ನನ್ನ ತೊಂದರೆ ಇರುವುದು ಅಲ್ಲೇ. ಕೆಲವು ದಿನ ಬೆಳಗ್ಗೆ ಏಳುವಾಗ ಬಲಗೈಗೆ ಬೆಂಕಿಕಡ್ಡಿಯ ಮದ್ದಿನ ವಾಸನೆ ಹತ್ತಿದಂತಿರುತ್ತದೆ. ಹೊಟ್ಟೆಯ ಮೇಲಿನ ಹೊಲಿಗೆಯ ಗುರುತು ಮುಟ್ಟಿ ನೋಡಿಕೊಂಡರೂ ಸಮಾಧಾನವಾಗುವುದಿಲ್ಲ. ಆಗ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮೇಡಂ ಹತ್ತಿರ ಹೋಗಿ, "ನಾನು ಹಚ್ಚಿಲ್ಲ ಅಲ್ವಾ ಮೇಡಂ?" ಎಂದು ಕೇಳುತ್ತೇನೆ. ಇಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ ನಕ್ಕಿಲ್ಲ, ಮತ್ತೆ ಶುರುವಾಯಿತೇ ಎಂದಿಲ್ಲ. ಓದುತ್ತಿದ್ದ ಪುಸ್ತಕ ಮುಚ್ಚಿ, ನನ್ನ ಮುಖ ನೋಡಿ, "ಇಲ್ಲ ಮೇಷ್ಟ್ರೇ. ನೀವು ಹಚ್ಚಿಲ್ಲ" ಎನ್ನುತ್ತಾರೆ. ಈಗ ಇಬ್ಬರು ಮಕ್ಕಳ ತಾಯಿಯಾಗಿರುವ ಕಿಸಿಕಿಸಿಯೂ ಆಗಾಗ ಫೋನ್ ಮಾಡಿ ಇದನ್ನೇ ಕೇಳುತ್ತಾಳಂತೆ.

ಮುಂದಿನ ತಿಂಗಳಿಂದ ಹಲಗೆಯ ಆಚೆ ಬೇರೆ ದನಿ ಇರುತ್ತದೆ. ನಮ್ಮ ಮೇಡಂ ಬಹುಕಾಲ ಬಾಳಲಿ, ಬರೆಯಬೇಕೆಂದುಕೊಂಡ ಪುಸ್ತಕಗಳನ್ನೆಲ್ಲ ಬರೆಯಲಿ, ಆರೋಗ್ಯ ಅವರ ಕೈಬಿಡದಿರಲಿ ಎಂದು ಎಲ್ಲರೊಂದಿಗೆ ನಾನೂ ಮನಸಾರೆ ಹಾರೈಸುತ್ತೇನೆ. ನನ್ನ ಹಾರೈಕೆಯಲ್ಲಿ ಸ್ವಾರ್ಥವಿದೆ, ಮುಚ್ಚಿಡುವುದಿಲ್ಲ. ಅವರು ನನಗಿಂತ ಒಂದು ದಿನವಾದರೂ ಹೆಚ್ಚು ಬದುಕಬೇಕು. ನಾನು ಹಚ್ಚಿಲ್ಲವೆಂದು ಅವರು ಹೇಳಿದರೆ ಮಾತ್ರ ನನಗೆ ನಂಬಿಕೆ ಬರುತ್ತದೆ.