ವಾಲಗ ಊದುವವನ ಮುಂದಿನ ಹಲ್ಲು

ಮೂರು ವರ್ಷಗಳ ಹಿಂದಿನ ಮಾತು. ಕುಶಾಲನಗರದಲ್ಲಿ ನಾನು ಹಲ್ಲಿನ ಕ್ಲಿನಿಕ್ ತೆರೆದು ಆಗ ಇಪ್ಪತ್ತಾರು ವರ್ಷವಾಗಿತ್ತು. ತಿಂಗಳಿಗೊಂದು ಭಾನುವಾರ ಮಾದಾಪುರದ ಶಾಲೆಯೊಂದರಲ್ಲಿ ಪುಕ್ಕಟೆ ದಂತ ಶಿಬಿರ ನಡೆಸಲು ಶುರುಮಾಡಿ ಆರು ವರ್ಷ. ಶಿಬಿರವೆಂದರೆ ಭಾರಿ ವ್ಯವಸ್ಥೆಯೇನಲ್ಲ. ಮಡಚುವ ಎರಡು ಕುರ್ಚಿ, ತಲೆಗೆ ಕಟ್ಟಿಕೊಳ್ಳುವ ದೀಪ, ಉಪಕರಣಗಳನ್ನು ಹಬೆಯಲ್ಲಿ ಶುದ್ಧಮಾಡುವ ಆಟೋಕ್ಲೇವ್, ನಾನು ಮತ್ತು ನನ್ನ ನರ್ಸ್ ಲೀನಾ. ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ, ಸುತ್ತಲ ಹಳ್ಳಿಗಳಿಂದ ಜನ ಬೆಳಿಗ್ಗೆ ಎಂಟಕ್ಕೇ ಬಂದು ಜಗಲಿಯ ಮೇಲೆ ಸಾಲಾಗಿ ಕೂರುತ್ತಿದ್ದರು.

ನನಗೆ ನಿಧಾನವೆಂದರೆ ಆಗದು. ಮಧ್ಯಾಹ್ನದೊಳಗೆ ನಲವತ್ತು ಜನರನ್ನು ನೋಡಿ ಮುಗಿಸುತ್ತೇನೆಂಬ ಹೆಮ್ಮೆ ಬೇರೆ. ಕಾಲೇಜಿನಲ್ಲಿ ನಮಗೆ ಕಲಿಸಿದ ಕೇಸ್ ಶೀಟು ಎರಡು ಪುಟದ್ದು. ಶಿಬಿರಕ್ಕೆ ಅಷ್ಟುದ್ದದ ಪುರಾಣ ಯಾಕೆಂದು ನಾನೇ ಅದನ್ನು ನಾಲ್ಕು ಸಾಲಿನ ಕಾರ್ಡಿಗೆ ಇಳಿಸಿದ್ದೆ. ಹೆಸರು, ವಯಸ್ಸು, ಯಾವ ಹಲ್ಲು, ಬಿಪಿ ಶುಗರ್ ಇದೆಯೇ. ಅಷ್ಟು ಗೊತ್ತಾದರೆ ಹಲ್ಲು ಕೀಳಲು ಸಾಕು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಆ ಫೆಬ್ರವರಿಯ ಶಿಬಿರದಲ್ಲಿ ಹದಿನೇಳನೆಯವರಾಗಿ ಬಂದವರು ಸುಬ್ಬಣ್ಣ. ಐವತ್ಮೂರು ವರ್ಷ, ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಶರಟು. ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಅಲ್ಲಾಡುತ್ತಿವೆ, ಎಡಗಡೆಯದು ಒಂದು ವಾರದಿಂದ ನಿದ್ದೆ ಕೊಟ್ಟಿಲ್ಲ ಎಂದರು. ನೋಡಿದೆ. ಪಯೋರಿಯಾ. ವಸಡು ಕೆಟ್ಟು, ಹಲ್ಲನ್ನು ಹಿಡಿದ ಎಲುಬು ಮೆಲ್ಲಗೆ ಕರಗುವ ಕಾಯಿಲೆ. ಎಡಗಡೆಯ ಹಲ್ಲಿನ ಬುಡದಲ್ಲಿ ಕೀವಿತ್ತು. ಬಲಗಡೆಯದು ಅಲ್ಲಾಡಿದರೂ ಇನ್ನೂ ಹಿಡಿತ ಬಿಟ್ಟಿರಲಿಲ್ಲ. ಎರಡನ್ನೂ ತೆಗೆದುಬಿಡೋಣ ಎಂದೆ. ಅವರು ತಲೆಯಾಡಿಸಿದರು. ಇಂಜೆಕ್ಷನ್ ಕೊಟ್ಟೆ, ಐದು ನಿಮಿಷದಲ್ಲಿ ಎಡಗಡೆಯ ಹಲ್ಲು ಟ್ರೇನಲ್ಲಿತ್ತು.

ಬಲಗಡೆಯದಕ್ಕೆ ಇಕ್ಕಳ ಹಿಡಿದಾಗ ಸುಬ್ಬಣ್ಣ, ಶಾಲೆಯ ಮಕ್ಕಳು ಮೇಷ್ಟರ ಅಪ್ಪಣೆ ಕೇಳುವಂತೆ, ಕೈ ಎತ್ತಿದರು. ಮರಗಟ್ಟಿದ ತುಟಿಯಲ್ಲಿ ಮಾತು ತೊದಲುತ್ತಿತ್ತು.

"ಮೇಡಂ, ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಒಂದು ಮದುವೆ ಉಂಟು. ಅಷ್ಟರೊಳಗೆ ಊದ್ಬಹುದಲ್ಲ?"

ಏನನ್ನು ಊದುವುದೆಂದು ಕೇಳಿದೆ. ವಾಲಗ ಎಂದರು.

ಕೊಡವರ ಮದುವೆಯನ್ನು ನೋಡಿದವರಿಗೆ ವಾಲಗವೆಂದರೆ ಏನೆಂದು ಹೇಳಬೇಕಿಲ್ಲ. ನಾಲ್ಕೈದು ಜನರ ತಂಡ. ಡೋಲು, ಕೊಂಬು ಎಲ್ಲ ಇದ್ದರೂ ಮುಂದೆ ನಿಂತು ರಾಗ ಹಿಡಿಯುವವನು ಊದುವವನೇ. ವಾದ್ಯದ ತುದಿಯ ಪೀಪಿಯನ್ನು ತುಟಿಗಳ ನಡುವೆ ಹಿಡಿಯಬೇಕು. ಆ ತುಟಿಗೆ ಒಳಗಿನಿಂದ ಆಸರೆ ಕೊಡುವುದು ಮುಂದಿನ ಹಲ್ಲುಗಳು. ಹಲ್ಲು ಹೋದರೆ ತುಟಿ ಒಳಕ್ಕೆ ಕುಸಿಯುತ್ತದೆ, ಗಾಳಿ ಸೋರುತ್ತದೆ, ಸ್ವರ ನಿಲ್ಲುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಎದುರಿಗೆ ಕೂತವರು ಯಾರೆಂಬುದು ಮಾತ್ರ.

ನಾನು ಇಕ್ಕಳ ಕೆಳಗಿಟ್ಟೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ತಪ್ಪು ಮಾಡಿದವರ ಗಂಟಲು ಯಾವಾಗಲೂ ದೊಡ್ಡದು.

"ಪುಕ್ಸಟ್ಟೆ ಮಾಡ್ತಾ ಇದ್ದೀರಿ ಮೇಡಂ. ನಡುವೆ ನಾವು ಅದು ಇದು ಕೇಳಿದ್ರೆ ಚೆಂದ ಅಲ್ಲ ಅಂತ ಸುಮ್ಮನಿದ್ದೆ" ಎಂದರು ಸುಬ್ಬಣ್ಣ.

ನನ್ನ ಮುಖಕ್ಕೆ ಹೊಡೆದಂತಾಯಿತು. ದುಡ್ಡು ಕೊಟ್ಟು ಕ್ಲಿನಿಕ್ಕಿಗೆ ಬರುವವರು ನೂರು ಪ್ರಶ್ನೆ ಕೇಳಿ ನನ್ನ ತಲೆ ತಿನ್ನುತ್ತಾರೆ. ಇವರು ನನ್ನ ಉಪಕಾರಕ್ಕೆ ಮರ್ಯಾದೆ ಕೊಡಲು ಹೋಗಿ ಹಲ್ಲನ್ನೇ ಕೊಟ್ಟಿದ್ದರು.

ಆ ಮದುವೆ ಎಂಥದ್ದೆಂದು ವಿಚಾರಿಸಿದೆ. ಸುಬ್ಬಣ್ಣನ ಅಪ್ಪನ ಕಾಲದಿಂದಲೂ ಆ ಒಕ್ಕದ, ಅಂದರೆ ಆ ಕೊಡವ ಮನೆತನದ, ಪ್ರತಿ ಮದುವೆಗೂ ಇವರದೇ ವಾಲಗ. ಒಂದು ಸಲ ಆಗುವುದಿಲ್ಲ ಎಂದರೆ ಬೇರೆ ತಂಡ ಬರುತ್ತದೆ, ಆಮೇಲೆ ಆ ಮನೆಯವರು ಇವರನ್ನು ಕರೆಯುತ್ತಾರೆಂಬ ಭರವಸೆಯಿಲ್ಲ. ತಂಡದಲ್ಲಿ ಊದಬಲ್ಲವರು ಇವರೊಬ್ಬರೇ. ಉಳಿದ ನಾಲ್ವರ ಮದುವೆ ಸೀಸನ್ನೂ ಇವರ ಬಾಯಿಯ ಮೇಲೆ ನಿಂತಿತ್ತು. ವಾರದ ದಿನಗಳಲ್ಲಿ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಈ ಮನುಷ್ಯ ಊರಿಗೆಲ್ಲ ವಾಲಗದ ಸುಬ್ಬಣ್ಣ. ವಾಲಗ ಹೋದರೆ ಬರೀ ಸುಬ್ಬಣ್ಣ.

"ಹದ್ನಾಕು ದಿನ ಇದೆ. ಊದ್ತೀರಿ, ನೀವೇ ಊದ್ತೀರಿ" ಎಂದುಬಿಟ್ಟೆ. ಹೇಗೆಂದು ಆಗ ನನಗೂ ಗೊತ್ತಿರಲಿಲ್ಲ. ಲೀನಾ ನನ್ನನ್ನೊಮ್ಮೆ ನೋಡಿ, ಟ್ರೇನಲ್ಲಿದ್ದ ಹಲ್ಲನ್ನು ತೊಳೆದು ಸಲೈನ್ ನೀರಿನಲ್ಲಿ ಹಾಕಿಟ್ಟಳು.

ಊರಿಗೆ ವಾಪಸಾಗುವಾಗ ಕಾಲೇಜಿನ ಮೂರನೇ ವರ್ಷ ನೆನಪಾಯಿತು. ಒಬ್ಬ ಟೈಲರ್ ಬಂದಿದ್ದ. ಅವನ ಮುಂದಿನ ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚಿತ್ತು. ನಾನು ಅದನ್ನು ಬಿಳಿ ಸಿಮೆಂಟಿನಿಂದ ನಾಜೂಕಾಗಿ ತುಂಬಿ, ನಮ್ಮ ಪ್ರೊಫೆಸರಿಗೆ ತೋರಿಸಿ ಬೀಗಿದ್ದೆ. ವಾರದೊಳಗೆ ಅದು ಉದುರಿತು. ದಾರ ಕಡಿದು ಕಡಿದು ಬಿದ್ದ ಕಚ್ಚು ಅದು. ನಾನು ಅವನ ಕತ್ತರಿಯನ್ನೇ ಮುಚ್ಚಿದ್ದೆ. ಕೇಸ್ ಶೀಟಿನ ಮೂರನೇ ಸಾಲಿನಲ್ಲಿ ಉದ್ಯೋಗ ಎಂದಿತ್ತು, ನಾನು ಅಲ್ಲೊಂದು ಗೆರೆ ಎಳೆದು ಬಿಟ್ಟಿದ್ದೆ. ಪ್ರೊಫೆಸರ್ ಬೈಯಲಿಲ್ಲ. ಆ ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಹಲ್ಲು ನೋಡಿದ್ದೀಯಮ್ಮ, ಹಲ್ಲಿನ ಯಜಮಾನನ್ನ ನೋಡಿಲ್ಲ" ಎಂದರು. ಅಂದು ನಾಚಿಕೆಯಿಂದ ಅತ್ತಿದ್ದೆ. ಆದರೂ ಮುಂದೆ ಕಾರ್ಡು ಚಿಕ್ಕದು ಮಾಡುವಾಗ ಮೊದಲು ತೆಗೆದುಹಾಕಿದ್ದು ಅದೇ ಸಾಲನ್ನು. ಬುದ್ಧಿ ಬಂದದ್ದು ಹೋಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಸುಬ್ಬಣ್ಣನ ಆ ಹಲ್ಲನ್ನು ಉಳಿಸಬಹುದಿತ್ತೇ ಎಂದರೆ, ಬಹುಶಃ ಇಲ್ಲ. ಆದರೆ ಮೊದಲು ಬಾಯಿಯ ಅಚ್ಚು ತೆಗೆದು, ಬದಲಿ ಹಲ್ಲು ತಯಾರಿಟ್ಟುಕೊಂಡು, ಆಮೇಲೆ ಕೀಳಬಹುದಿತ್ತು. ನನ್ನ ತಪ್ಪು ಕಿತ್ತದ್ದರಲ್ಲಿ ಇರಲಿಲ್ಲ, ಅವಸರದಲ್ಲಿತ್ತು.

ಮಂಗಳವಾರ ಸುಬ್ಬಣ್ಣ ಸುಂಟಿಕೊಪ್ಪದಲ್ಲಿ ಬಸ್ಸು ಬದಲಿಸಿ ಕ್ಲಿನಿಕ್ಕಿಗೆ ಬಂದರು. ಉಳಿದ ಹಲ್ಲುಗಳ ಬುಡವನ್ನೆಲ್ಲ ಆಳವಾಗಿ ಶುಚಿಮಾಡಿದೆ. ಶುಕ್ರವಾರ, ಕಿತ್ತು ಸಲೈನಿನಲ್ಲಿಟ್ಟಿದ್ದ ಅವರದೇ ಹಲ್ಲಿನ ಬೇರು ಕತ್ತರಿಸಿ, ಒಳಗನ್ನು ಮುಚ್ಚಿ, ಅದೇ ಜಾಗದಲ್ಲಿ ಕೂರಿಸಿದೆ. ಹಿಂಬದಿಯಲ್ಲಿ ಅಕ್ಕಪಕ್ಕದ ಹಲ್ಲುಗಳನ್ನೆಲ್ಲ ಸೇರಿಸಿ ಫೈಬರ್ ಪಟ್ಟಿ ಅಂಟಿಸಿದೆ. ಇದಕ್ಕೆ ಸ್ಪ್ಲಿಂಟ್ ಎನ್ನುತ್ತಾರೆ. ಅಲ್ಲಾಡುವ ಬೇಲಿಗೂಟಗಳಿಗೆ ಅಡ್ಡ ಗಳ ಕಟ್ಟಿದ ಹಾಗೆ. ಕನ್ನಡಿಯಲ್ಲಿ ನೋಡಿಕೊಂಡು ಸುಬ್ಬಣ್ಣ ನಕ್ಕರು. ಗಾಯ ಆರುವ ತನಕ ಊದಬೇಡಿ ಎಂದು ಕಳಿಸಿದೆ.

ಮುಂದಿನ ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವರು ಮೆಟ್ಟಿಲ ಮೇಲಿದ್ದರು. ಹಲ್ಲು ಕರವಸ್ತ್ರದಲ್ಲಿತ್ತು. ಎರಡು ನಿಮಿಷ ಊದಿದ್ದಕ್ಕೇ ಟಪ್ಪೆಂದು ಬಿಟ್ಟಿತಂತೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೇರೆ ತಂಡದವರಿಗೆ ಹೇಳಿಬಿಡುತ್ತೇನೆ, ನೀವು ಬೇಜಾರು ಮಾಡ್ಕೊಬೇಡಿ ಎಂದು ನನಗೇ ಸಮಾಧಾನ ಹೇಳಿದರು.

ಮಧ್ಯಾಹ್ನದ ರೋಗಿಗಳನ್ನು ಮುಂದಕ್ಕೆ ಹಾಕಿ, ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಅವರ ಮನೆಗೇ ಹೋದೆ. ಅವರ ಹೆಂಡತಿ ದೇವಕಿ ಕಾಫಿ ಕೊಟ್ಟರು. ಊದಿ ತೋರಿಸಿ, ಸ್ವರ ಬರದಿದ್ದರೂ ಪರವಾಗಿಲ್ಲ ಎಂದೆ. ಸಂದಿ ಬಿದ್ದ ಬಾಯಿಯಿಂದಲೇ ಊದಿದರು. ಬಂದದ್ದು ಹೆಚ್ಚಾಗಿ ಗಾಳಿ. ದೇವಕಿ ಒಳಗೆ ಹೋಗಿಬಿಟ್ಟರು. ನಾನು ಕೈಗವಸು ಹಾಕಿ ಸುಬ್ಬಣ್ಣನ ತುಟಿಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಊದಿ ಎಂದೆ. ಪೀಪಿ ಬಾಯಿಯ ನಡುವೆ ಇರಲಿಲ್ಲ, ತುಸು ಎಡಕ್ಕಿತ್ತು. ಅಪ್ಪ ಹಾಗೆ ಹಿಡಿಯುತ್ತಿದ್ದರಂತೆ, ಮಗನೂ ಹಾಗೇ ಹಿಡಿದ. ಮೇಲ್ತುಟಿ ಹೋಗಿ ಒತ್ತುತ್ತಿದ್ದದ್ದು ಸರಿಯಾಗಿ ಆ ಹಲ್ಲಿನ ಮೇಲೆ, ಹೊರಗಿನಿಂದ ಒಳಕ್ಕೆ. ಆ ಒತ್ತಡಕ್ಕೆ ನನ್ನ ತೆಳು ಪಟ್ಟಿ ಎಲ್ಲಿ ತಡೆದೀತು? ಭಾರವನ್ನು ಹಲ್ಲುಗಳ ಮೇಲೆ ಬಿಡದೆ ಅಂಗುಳಕ್ಕೆ ದಾಟಿಸಬೇಕಿತ್ತು. ಇಪ್ಪತ್ತಾರು ವರ್ಷ ಬಾಯಿ ನೋಡಿದವಳು ಬಾಯಿ ಕೆಲಸ ಮಾಡುವುದನ್ನು ಕುಳಿತು ನೋಡಿದ್ದು ಅದೇ ಮೊದಲು.

ಉಳಿದದ್ದು ಐದು ದಿನ. ಅಲ್ಲೇ ಅಚ್ಚು ತೆಗೆದುಕೊಂಡೆ. ಮೈಸೂರಿನ ಲ್ಯಾಬಿಗೆ ಕಳಿಸಿದರೆ ವಾರ ಬೇಕು. ಹಾಗಾಗಿ ಎರಡು ಸಂಜೆ ಕೂತು ನಾನೇ ಅಕ್ರಿಲಿಕ್ ಪ್ಲೇಟ್ ಮಾಡಿದೆ. ನಾಲಿಗೆಗೆ ಜಾಗ ಬೇಕೆಂದು ನಡುಭಾಗ ಬಿಟ್ಟು ಕುದುರೆ ಲಾಳದ ಆಕಾರಕ್ಕೆ ಕತ್ತರಿಸಿದೆ, ಹಿಂದಿನ ಗಟ್ಟಿ ಹಲ್ಲುಗಳಿಗೆ ತಂತಿಯ ಕೊಕ್ಕೆ ಕೊಟ್ಟೆ, ಮುಂದೆ ಅವರದೇ ಹಲ್ಲು ಕೂರಿಸಿದೆ. ಒಳಕ್ಕೆ ಒತ್ತಿದಷ್ಟೂ ಅದು ಅಂಗುಳಕ್ಕೆ ಆನಿಕೊಳ್ಳುತ್ತಿತ್ತು.

ಶುಕ್ರವಾರ ಸುಬ್ಬಣ್ಣ ವಾದ್ಯವನ್ನೇ ಹಿಡಿದುಕೊಂಡು ಬಂದರು. ಡೆಂಟಲ್ ಚೇರಿನಲ್ಲಿ ಕೂತು ಊದುವುದು, ನಾನು ಪ್ಲೇಟ್ ತೆಗೆದು ಕೂದಲೆಳೆಯಷ್ಟು ಉಜ್ಜುವುದು, ಮತ್ತೆ ಊದುವುದು. ಐದನೇ ಸಲಕ್ಕೆ ಸ್ವರ ಹಿಡಿಯಿತು. ಹೊರಗೆ ಹಲ್ಲುನೋವೆಂದು ಕೆನ್ನೆ ಹಿಡಿದು ಕೂತಿದ್ದ ಹಿರಿಯರೊಬ್ಬರು ಎದ್ದುನಿಂತು ಕೈ ಬೀಸತೊಡಗಿದ್ದರು. ವಾಲಗ ಕೇಳಿ ಕೊಡಗಿನವರು ಕುಳಿತಿರಬೇಕಾದರೆ ಇಂಜೆಕ್ಷನ್ ಕೊಡಬೇಕು, ಅದೂ ಕಾಲಿಗೆ.

ಭಾನುವಾರ ಮದುವೆಗೆ ಹೋದೆ. ಆ ಮನೆಯವರ ಪರಿಚಯ ನನಗಿರಲಿಲ್ಲ. ಅಂಟು, ತಂತಿ, ಇಕ್ಕಳದ ಡಬ್ಬಿ ಹಿಡಿದು ಮಂಟಪದ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನನಗೆ ಭಯವಿದ್ದದ್ದು ಗಂಗಾಪೂಜೆಯದು. ಬಾವಿಗೆ ಪೂಜೆ ಮುಗಿಸಿ ತುಂಬಿದ ಕೊಡ ಹೊತ್ತು ಮದುಮಗಳು ಬರುವಾಗ ಗಂಡಿನ ಕಡೆಯವರು ಅಡ್ಡ ನಿಂತು ಕುಣಿಯುತ್ತಾರೆ, ದಾರಿ ಬಿಡುವುದಿಲ್ಲ. ಅವರು ಕುಣಿಯುವಷ್ಟು ಹೊತ್ತು ವಾಲಗ ನಿಲ್ಲುವಂತಿಲ್ಲ. ಅಂದು ಅವರು ಒಂದೂವರೆ ಗಂಟೆ ಕುಣಿದರು. ಮದುಮಗಳ ತಲೆಯ ಮೇಲಿನ ಕೊಡದಷ್ಟೇ ಎಚ್ಚರದಿಂದ ನಾನು ಸುಬ್ಬಣ್ಣನ ತುಟಿಯನ್ನು ನೋಡುತ್ತಿದ್ದೆ. ಪ್ಲೇಟ್ ಅಲ್ಲಾಡಲಿಲ್ಲ. ಡಬ್ಬಿ ತೆರೆಯಬೇಕಾಗಲಿಲ್ಲ. ಕಣ್ಣು ಒದ್ದೆಯಾಯಿತು, ಒರೆಸಿಕೊಂಡೆ.

ಮುಗಿದ ಮೇಲೆ ಅವರು ಬೆವರೊರೆಸುತ್ತ ನನ್ನ ಬಳಿ ಬಂದರು. ಹೇಗಿತ್ತು ಎಂದು ಕೇಳಿದೆ. ಹೊಗಳಿಕೆಗೆ ಕಾದಿದ್ದೆ, ಸುಳ್ಳೇಕೆ.

"ಚೆಂದ ಆಯ್ತು ಮೇಡಂ" ಎಂದು ಸುಮ್ಮನಾಗಲು ಹೊರಟವರು ತಡೆದು, "ಕೇಳಿದ್ರಿ ಅಂತ ಹೇಳ್ತೀನಿ. ತೀರಾ ಮೇಲಿನ ಒಂದು ಸ್ವರ ಸಿಕ್ತಾ ಇಲ್ಲ. ಕುಣಿಯೋರಿಗೆ ಗೊತ್ತಾಗಲ್ಲ. ನಂಗೆ ಗೊತ್ತಾಗ್ತದೆ" ಎಂದರು.

ಆಮೇಲೆ ಲೋಹದ ತೆಳು ಪ್ಲೇಟ್ ಮಾಡಿಸಿಕೊಟ್ಟೆ, ಎರಡು ಸಲ ಬದಲಿಸಿದೆ. ಇಂದಿಗೂ ಅವರು ಆ ಒಕ್ಕದ ಮದುವೆಗಳಿಗೆ ಊದುತ್ತಾರೆ. ಆ ಸ್ವರ ಮಾತ್ರ ಬಂದಿಲ್ಲ.

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ ಎಂದು ಪಡೆಯುವವರನ್ನು ಗೇಲಿ ಮಾಡುವ ಗಾದೆಯಿದೆ. ನನ್ನ ವೃತ್ತಿ ನನಗೆ ಕಲಿಸಿದ್ದು ಅದರ ಇನ್ನೊಂದು ಮಗ್ಗುಲನ್ನು. ಪುಕ್ಕಟೆ ಪಡೆಯುವವರು ಬಾಯಿಬಿಟ್ಟು ಕೇಳುವುದಿಲ್ಲ. ಆದ್ದರಿಂದ ಕೊಡುವವರೇ ಕೇಳಬೇಕು, ಎರಡು ಸಲ ಕೇಳಬೇಕು. ಈಗ ನಾನು ಒಂದು ಬೆಳಿಗ್ಗೆಗೆ ಇಪ್ಪತ್ತೇ ಜನರನ್ನು ನೋಡುತ್ತೇನೆ. ಕೀಳಬೇಕಾದ ಹಲ್ಲುಗಳು ಎಲ್ಲಿಗೂ ಓಡಿಹೋಗಿಲ್ಲ.